ಒಡೆಯದ ತತ್ತಿಗಳು: ಧಾರವಾಡದ ಒಂದು ಸೊಳ್ಳೆ ಪ್ರಕರಣ

ಕೆಲವು ವರ್ಷಗಳ ಹಿಂದೆ ಧಾರವಾಡದ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ ನಡೆದದ್ದು ಇದು. ಯಾವ ಕಾಲೇಜು, ಯಾವ ವರ್ಷ ಅಂತ ಹೇಳುವುದಿಲ್ಲ. ಗುರುತು ಸಿಗುವಂಥ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಪ್ರಾಜೆಕ್ಟ್ ಮಾಡಿದ ಹುಡುಗಿಯನ್ನು 'ವಿದ್ಯಾರ್ಥಿನಿ' ಅಂತ ಬರೆದರೆ ಸರ್ಕಾರಿ ಕಾಗದ ಓದಿದ ಹಾಗಾಗುತ್ತದೆ, ಅದಕ್ಕೆ ಸುಮ್ನೆ 'ತಂಗಿ' ಅನ್ನುತ್ತೇನೆ. ನಮ್ಮ ಲ್ಯಾಬಿನ ಅಟೆಂಡರ್ ಅವಳನ್ನು ಹಾಗೇ ಕರೆಯುತ್ತಿದ್ದರು. ಅವರನ್ನು ನಾವೆಲ್ಲ ಕಾಕಾ ಅನ್ನುತ್ತಿದ್ದೆವು. ಗೈಡ್ ಆಗಿದ್ದವನು ನಾನು. ತಪ್ಪಿನ ದೊಡ್ಡ ಪಾಲೂ ನನ್ನದೇ, ಅದು ಮುಂದೆ ಗೊತ್ತಾಗುತ್ತದೆ.

ಶುರುವಾದದ್ದು ಬೇವಿನ ಬೀಜದಿಂದ

ತಂಗಿಯ ವಿಷಯ ಬಹಳ ಸರಳವಾಗಿತ್ತು. ಬೇವಿನ ಬೀಜದ ರಸ ಎಷ್ಟು ಹಾಕಿದರೆ ಸೊಳ್ಳೆಯ ಮರಿಹುಳಗಳು ಎಷ್ಟು ಸಾಯುತ್ತವೆ, ಅಷ್ಟೇ. ನೂರು ಜನ ಮಾಡಿದ ಕೆಲಸ, ಹೊಸದೇನಿಲ್ಲ. ಆದರೆ ಎಂಎಸ್ಸಿ ಪ್ರಾಜೆಕ್ಟಿಗೆ ಸಾಕು, ಖರ್ಚೂ ಕಡಿಮೆ. ಇದಕ್ಕೆ ವಾರವಾರವೂ ಒಂದೇ ವಯಸ್ಸಿನ ಮರಿಹುಳ ಬೇಕು, ಅಂದರೆ ಸೊಳ್ಳೆಯನ್ನು ಲ್ಯಾಬಿನಲ್ಲೇ ಸಾಕಬೇಕು.

ನಾವು ಆರಿಸಿಕೊಂಡದ್ದು ಕ್ಯೂಲೆಕ್ಸ್ ಕ್ವಿಂಕಿಫೇಶಿಯೇಟಸ್. ಹೆಸರು ಕೇಳಿ ಹೆದರಬೇಡಿ, ದಿನಾ ರಾತ್ರಿ ನಿಮ್ಮ ಕಿವಿಯ ಹತ್ತಿರ ಗುಂಯ್ ಅನ್ನುವ ಗಟಾರದ ಗುಂಗಾಡು ಇದೇ. ಡೆಂಗಿ ಹರಡುವ ಈಡಿಸ್ ಬೇರೆ, ಅದಕ್ಕೆ ಡ್ರಮ್ಮು, ಟಾಕಿಯ ತಿಳಿನೀರು ಇಷ್ಟ. ಕ್ಯೂಲೆಕ್ಸಿಗೆ ಹೊಲಸು ನೀರೇ ಬೇಕು. ಈಡಿಸ್ ಮೊಟ್ಟೆಗಳನ್ನು ಒಂದೊಂದಾಗಿ ಡ್ರಮ್ಮಿನ ಗೋಡೆಗೆ ಅಂಟಿಸುತ್ತದೆ. ಕ್ಯೂಲೆಕ್ಸ್ ನೂರು, ಇನ್ನೂರು ಮೊಟ್ಟೆಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಅಕ್ಕಿಕಾಳಿನಷ್ಟು ಪುಟ್ಟ ಕಪ್ಪು ತೆಪ್ಪ ಮಾಡಿ ನೀರಿನ ಮೇಲೆ ತೇಲಿ ಬಿಡುತ್ತದೆ. ಒಂದು ಹೆಣ್ಣು ಒಂದು ಸಲಕ್ಕೆ ಇಡುವುದು ಒಂದೇ ತೆಪ್ಪ. ಈ ಒಂದು ಗುಣ ಮುಂದೆ ನಮ್ಮ ಕೈ ಹಿಡಿಯಿತು, ಯಾಕೆಂದರೆ ತೆಪ್ಪ ಎಣಿಸಿದರೆ ತಾಯಂದಿರನ್ನು ಎಣಿಸಿದ ಹಾಗೆ.

ಅಕ್ಟೋಬರಿನಲ್ಲಿ ಹಾಸ್ಟೆಲ್ ಹಿಂದಿನ ಗಟಾರದಿಂದ ಮರಿಹುಳ ತಂದು ಸಾಕಲು ಶುರು ಮಾಡಿದೆವು. ನಾಯಿ ಬಿಸ್ಕತ್ತಿನ ಪುಡಿಗೆ ಯೀಸ್ಟ್ ಬೆರೆಸಿ ಮರಿಗಳಿಗೆ ಹಾಕುವುದು, ದೊಡ್ಡ ಸೊಳ್ಳೆಗಳಿಗೆ ಸಕ್ಕರೆ ನೀರಿನ ಹತ್ತಿ, ಹೆಣ್ಣುಗಳಿಗೆ ರಕ್ತಕ್ಕೆ ರಾತ್ರಿ ಒಂದು ಕೋಳಿ (ಅದರ ಅನುಮತಿ ಪತ್ರಕ್ಕೆ ಓಡಾಡಿದ್ದೇ ಒಂದು ಕಥೆ, ಬಿಡಿ). ನವೆಂಬರಿನಲ್ಲಿ ಟ್ರೇಗಳು ನಾರತೊಡಗಿದವು. ತಿಂಡಿ ಜಾಸ್ತಿಯಾಗಿ ನೀರಿನ ಮೇಲೆ ಬಿಳಿ ಕೆನೆ ಕಟ್ಟಿತು, ಮರಿಗಳಿಗೆ ಮೇಲೆ ಬಂದು ಉಸಿರಾಡಲು ಆಗದೆ ಟ್ರೇಗಟ್ಟಲೆ ಸತ್ತವು. ಡಿಸೆಂಬರ್ ಕಳೆಯುವಷ್ಟರಲ್ಲಿ ಕೆನೆಯೂ ಹೋಯಿತು, ವಾಸನೆಯೂ ಹೋಯಿತು. ಯಾಕೆ ಹೋಯಿತು ಅಂತ ಆಗ ಯಾರೂ ಕೇಳಲಿಲ್ಲ. ಕೆಟ್ಟದ್ದಕ್ಕೆ ಕಾರಣ ಹುಡುಕುತ್ತೇವೆ, ಸುಧಾರಿಸಿದ್ದಕ್ಕೆ ಯಾರು ಹುಡುಕುತ್ತಾರೆ?

ಹೊಸ ರಕ್ತ ತರೋಣ ಅಂದದ್ದು ನಾನು

ಮಾರ್ಚಿನ ಹೊತ್ತಿಗೆ ಪೆಟ್ಟಿಗೆಯ ಸೊಳ್ಳೆಗಳು ಸೊರಗಿದಂತೆ ಕಂಡವು. ಮರಿಗಳು ಒಂದೇ ಸಮ ಬೆಳೆಯುತ್ತಿರಲಿಲ್ಲ. ಒಂದೇ ಬಳಗದೊಳಗೆ ಕೊಟ್ಟು ತಂದು ಹೀಗಾಗಿರಬೇಕು ಅಂತ ನನಗನ್ನಿಸಿತು. ಗಟಾರದಿಂದ ಹೊಸ ಗಂಡು ತಂದು ಕೂಡಿಸು ಅಂದೆ. ಗಂಡೇ ಯಾಕೆ? ಹೊರಗಿನ ಹೆಣ್ಣು ಎಲ್ಲೋ ಕೂಡಿ ಬಂದಿದ್ದರೆ ಲೆಕ್ಕ ಕೆಡುತ್ತದೆ, ಗಂಡಾದರೆ ಆ ತಲೆನೋವಿಲ್ಲ. ತಂಗಿ ನಮ್ಮ ಪೆಟ್ಟಿಗೆಯ ಕೋಶಗಳನ್ನು (ಮರಿಹುಳ ಸೊಳ್ಳೆಯಾಗುವ ಮುಂಚಿನ ಹಂತ, ಪ್ಯೂಪಾ) ಒಂದೊಂದಾಗಿ ಗಾಜಿನ ಕೊಳವೆಗೆ ಹಾಕಿ, ಹೊರಬಂದ ಹೆಣ್ಣುಗಳನ್ನು ಮಾತ್ರ ಆರಿಸಿಕೊಂಡಳು. ಗಟಾರದ ಕೋಶಗಳಿಂದ ಗಂಡು ಆರಿಸಿದಳು. ಅದೇನು ಕಷ್ಟವಲ್ಲ, ಗಂಡಿನ ಮೀಸೆ ಗರಿಯ ಹಾಗೆ ಪೊದೆಪೊದೆಯಾಗಿರುತ್ತದೆ. ಎರಡನ್ನೂ ಒಂದು ಹೊಸ ಪೆಟ್ಟಿಗೆಯಲ್ಲಿ ಬಿಟ್ಟೆವು. ಹಳೇ ಪೆಟ್ಟಿಗೆ ಪಕ್ಕದಲ್ಲಿ ತನ್ನಷ್ಟಕ್ಕೆ ನಡೆದಿತ್ತು.

ಹೊಸ ಪೆಟ್ಟಿಗೆಯ ಹೆಣ್ಣುಗಳು ರಕ್ತ ಕುಡಿದವು. ನಾಲ್ಕನೇ ದಿನ ಬೆಳಗ್ಗೆ ಬಟ್ಟಲಿನಲ್ಲಿ ಚೆಂದದ ತೆಪ್ಪಗಳು. ಒಂದೂವರೆ ದಿನದಲ್ಲಿ ಮರಿ ಬರಬೇಕು. ಎರಡು ದಿನವಾಯಿತು, ಮೂರು ದಿನವಾಯಿತು.

"ತತ್ತಿ ತೇಲಾಕತ್ತಾವ, ಹುಳಾ ಒಂದೂ ಇಲ್ಲ ನೋಡ್ರಿ ಸರ," ಅಂದರು ಕಾಕಾ.

ಪಕ್ಕದ ಹಳೇ ಪೆಟ್ಟಿಗೆಯ ತೆಪ್ಪಗಳಿಂದ ಮಾತ್ರ ಮರಿ ಬರುತ್ತಲೇ ಇದ್ದವು. ಅದೇ ಕೋಣೆ, ಅದೇ ಕೋಳಿ, ಅದೇ ನೀರು.

ಐದು ವಾರ ಅಡ್ಡದಾರಿ

ಮೊದಲು ನೀರನ್ನು ಬೈದೆವು. ನಳದ ನೀರಿನ ಕ್ಲೋರಿನ್ ಇರಬಹುದು ಅಂತ ಒಂದು ರಾತ್ರಿ ತೆರೆದಿಟ್ಟು ಬಳಸಿದೆವು, ಆಮೇಲೆ ಬೋರಿನ ನೀರು, ಆಮೇಲೆ ಗಟಾರದ ನೀರನ್ನೇ ಸೋಸಿ. ಏನೂ ಬದಲಾಗಲಿಲ್ಲ. ಬಿಸಿಲು ಅಂದೆವು, ಬಟ್ಟಲನ್ನು ನೆಲಮಾಳಿಗೆಗೆ ಸಾಗಿಸಿದೆವು. ಕೋಳಿ ಬದಲಿಸಿದೆವು. ಹಳೇ ಪೆಟ್ಟಿಗೆಯಲ್ಲಿ ಇದೆಲ್ಲ ಸರಿಯಾಗೇ ಇದೆ ಅನ್ನುವುದು ಕಣ್ಣೆದುರಿಗಿತ್ತು. ಆದರೂ ಎರಡು ವಾರ ಇದೇ ಮಾಡಿದೆವು. ಕೈಗೆ ಸುಲಭವಾಗಿ ಸಿಗುವುದನ್ನೇ ಮೊದಲು ತಿರುವಿ ನೋಡುತ್ತೇವೆ, ಅಲ್ವಾ.

ಆಮೇಲೆ ತಂಗಿ ಒಂದು ಒಳ್ಳೆಯ ಕೆಲಸ ಮಾಡಿದಳು. ಇವು ಕೂಡಿವೆಯೋ ಇಲ್ಲವೋ ಅಂತ ನೋಡೋಣ ಅಂದಳು. ಕ್ಯೂಲೆಕ್ಸ್ ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಗಂಡಿನ ವೀರ್ಯ ಕೂಡಿಟ್ಟುಕೊಳ್ಳುವ ಮೂರು ಪುಟ್ಟ ಕಂದು ಚೀಲಗಳಿರುತ್ತವೆ. ಮೊಟ್ಟೆ ಇಟ್ಟ ಹೆಣ್ಣುಗಳನ್ನು ಬಿಡಿಸಿ, ಆ ಚೀಲಗಳನ್ನು ಗಾಜಿನ ಮೇಲೆ ಒಡೆದು ನೋಡಿದರೆ ಒಳಗೆ ಎಳೆಎಳೆಯಾಗಿ ವೀರ್ಯ ಮಿಸುಕಾಡುತ್ತಿತ್ತು. ಅಂದರೆ ಮಿಲನ ಆಗಿದೆ, ವೀರ್ಯವೂ ಬದುಕಿದೆ. ಒಡೆಯದ ಮೊಟ್ಟೆಗಳನ್ನು ಬಿಚ್ಚಿದಾಗ ಕೆಲವದರಲ್ಲಿ ಬೆಳವಣಿಗೆ ಶುರುವಾಗಿ ನಿಂತುಹೋದ ಗುರುತೂ ಇತ್ತು. ಬಂಜೆ ಮೊಟ್ಟೆ ಅಲ್ಲ, ಶುರುವಾಗಿ ಸತ್ತ ಮೊಟ್ಟೆ. ಪ್ರಕರಣದ ಮೊದಲ ತಿರುವು ಇದು. ಆದರೆ ನಾನು ಅದನ್ನು ಸರಿಯಾಗಿ ಓದಲಿಲ್ಲ.

ನಾನು ಹಿಡಿದದ್ದು ಬೇರೆ ದಾರಿ. ಗಟಾರಕ್ಕೆ ಯಾರೋ ಸೊಳ್ಳೆ ಔಷಧಿ ಹೊಡೆದಿರಬೇಕು, ಅಲ್ಲಿನ ಗಂಡುಗಳ ವೀರ್ಯ ಕೆಟ್ಟಿರಬೇಕು. ಕೇಳಲಿಕ್ಕೆ ಬಹಳ ನ್ಯಾಯವಾಗಿತ್ತು. ತಪ್ಪು ಊಹೆಗಳಲ್ಲಿ ಇಂಥವೇ ಹೆಚ್ಚು ಅಪಾಯದವು. ಪರೀಕ್ಷಿಸಲು ಬೇರೆ ಊರಿನ ಗಂಡು ಬೇಕಾಯಿತು. ತಂಗಿ ಗದಗ ಕಡೆಯವಳು, ಮನೆಯಲ್ಲಿ ಕೈಮಗ್ಗ. ಯುಗಾದಿಗೆ ಊರಿಗೆ ಹೋದವಳು ಮನೆ ಹಿಂದಿನ ಕಚ್ಚಾ ಗಟಾರದಿಂದ ಒಂದು ಬಾಟಲಿ ಮರಿಹುಳ ತುಂಬಿಕೊಂಡು, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಳು. ಕಂಡಕ್ಟರ್ ಬಗ್ಗಿ ನೋಡಿ, "ಏನ್ರೀ ಅಕ್ಕಾರ, ಗುಂಗಾಡದ ಮರಿ ಅದಾವಲ್ಲ ಇವು? ಧಾರವಾಡದಾಗ ಕಡಿಮಿ ಬಿದ್ದಾವೇನು, ಇಲ್ಲಿಂದ ಒಯ್ಯಾಕತ್ತೀರಿ?" ಅಂದನಂತೆ.

ಗದಗಿನ ಗಂಡಿನ ಜೊತೆಗೂ ಅದೇ ಆಯಿತು. ತೆಪ್ಪ ಬಂದವು, ಮರಿ ಇಲ್ಲ. ಗದಗಿನ ಗಂಡು ಗದಗಿನ ಹೆಣ್ಣಿನ ಜೊತೆ ಇದ್ದಾಗ ಮಾತ್ರ ಬಟ್ಟಲು ತುಂಬ ಮರಿ. ಔಷಧಿಯ ಊಹೆ ಅಲ್ಲಿಗೆ ಮುಗಿಯಿತು. ಇವು ಬೇರೆ ಜಾತಿಯ ಕ್ಯೂಲೆಕ್ಸ್ ಇರಬಹುದೇ ಅಂತ ಕಾಲು, ಹೊಟ್ಟೆ, ಸೊಂಡಿಲು ಎಲ್ಲ ನೋಡಿದೆವು. ಎಲ್ಲವೂ ಅದೇ ಜಾತಿ. ಹೆಣ್ಣೂ ಸರಿ, ಗಂಡೂ ಸರಿ. ಕೂಡಿದರೆ ಮಕ್ಕಳಿಲ್ಲ.

"ಹೆಣ್ಣನ್ನ ಹೊರಗಿಂದ ತಂದ್ರ?"

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ತಂಗಿ ಕೇಳಿದಳು, "ಸರ, ನಾವು ಪ್ರತಿ ಸಲ ಗಂಡನ್ನ ಹೊರಗಿಂದ ತರಾಕತ್ತೇವಿ. ಹೆಣ್ಣನ್ನ ಹೊರಗಿಂದ ತಂದು, ನಮ್ಮ ಪೆಟ್ಟಿಗಿ ಗಂಡಿನ ಜೋಡಿ ಇಟ್ರ ಏನಾಕ್ಕೈತಿ?"

ಈ ಪ್ರಶ್ನೆ ಮೊದಲ ವಾರವೇ ನನ್ನ ಬಾಯಿಂದ ಬರಬೇಕಿತ್ತು. ಎರಡು ಬಳಗ ಕೂಡಿಸುವಾಗ ಅದಲುಬದಲು ಮಾಡಿ ನೋಡುವುದು ತಳಿಶಾಸ್ತ್ರದ ಮೊದಲ ಪಾಠ. ನಾನೇ ಪ್ರತಿ ವರ್ಷ ಅದನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಬಟ್ಟಲು, ನೀರು, ಮೊಟ್ಟೆ, ಕೋಳಿ ಅಂತ ಎಲ್ಲ ತಾಯಿಯ ಕಡೆಯವನ್ನೇ ದೂರುತ್ತ ಕೂತಿದ್ದೆವು. ತಂಗಿ ನಕ್ಕು, "ನಮ್ಮೂರಾಗೂ ಹಂಗ ರೀ ಸರ, ಕೂಸು ಆಗಲಿಲ್ಲ ಅಂದ್ರ ಮೊದಲು ಸೊಸಿನ್ನ ದವಾಖಾನಿಗೆ ಕರಕೊಂಡು ಹೋಗ್ತಾರ," ಅಂದಳು.

ಅದಲುಬದಲು ಮಾಡಿದೆವು. ಗಟಾರದ ಹೆಣ್ಣು, ಪೆಟ್ಟಿಗೆಯ ಗಂಡು. ಮರುವಾರ ಬಟ್ಟಲು ತುಂಬ ಮರಿಗಳು!

ಒಂದು ದಿಕ್ಕಿನಲ್ಲಿ ಕೂಡಿದರೆ ಮಕ್ಕಳು, ತಿರುಗಿಸಿದರೆ ಇಲ್ಲ. ಇದನ್ನು ಕಂಡ ಕೂಡಲೇ ನನಗೆ ಪುಸ್ತಕದಲ್ಲಿ ಓದಿದ ಹೆಸರು ನೆನಪಾಯಿತು, ವೋಲ್ಬಾಕಿಯಾ, ಕೀಟಗಳ ಮೈಯೊಳಗೆ ಬದುಕುವ ಒಂದು ಬ್ಯಾಕ್ಟೀರಿಯಾ. ಜೀನು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಅದರ ತೊಂದರೆ ಆಗಿದ್ದರೆ ಸಾಮಾನ್ಯವಾಗಿ ಎರಡೂ ಕಡೆ ಕಾಣಬೇಕಿತ್ತು. ಒಂದೇ ಕಡೆ ಕಂಡರೆ, ತಾಯಿಯಿಂದ ಮಾತ್ರ ಹೋಗುವ ಏನನ್ನೋ ಅನುಮಾನಿಸಬೇಕು. ಆದರೆ ಗಟಾರದ ಕ್ಯೂಲೆಕ್ಸಿನಲ್ಲಿ ವೋಲ್ಬಾಕಿಯಾ ಇರುವುದು ಮಾಮೂಲು, ನಮ್ಮ ಪೆಟ್ಟಿಗೆಯೂ ಅದೇ ಗಟಾರದ ಸಂತಾನ. ಅಲ್ಲಿ ಇರುವುದು ಇಲ್ಲಿ ಯಾಕೆ ಇಲ್ಲ? ನೋಟ್‌ಬುಕ್ ಮೂರು ಸಲ ತಿರುವಿದೆ. ಏನೂ ಇಲ್ಲ.

ಕಸ ಗುಡಿಸುತ್ತಿದ್ದ ಕಾಕಾನನ್ನು ಸುಮ್ನೆ ಕೇಳಿದೆ, ಪೆಟ್ಟಿಗೆಗೆ ಬೇರೆ ಏನಾದರೂ ಹಾಕಿದ್ದುಂಟಾ ಅಂತ.

"ಏನೂ ಇಲ್ರಿ. ಅದ ಹಳದಿ ಪುಡಿ ಅಷ್ಟ. ಮೀನಿಂದು. ನೀವ ಹೇಳಿದ್ರಲ್ಲ ಸರ, ನಾರತೈತಿ ಅಂದಾಗ?"

ಹೇಳಿದ್ದೆ. ಡಿಸೆಂಬರಿನಲ್ಲಿ, ಬಾಗಿಲಲ್ಲಿ ನಿಂತು, ಮೂಗು ಮುಚ್ಚಿಕೊಂಡು, "ಅಕ್ವೇರಿಯಂ ಅಂಗಡಿಯ ಔಷಧಿ ಒಂದು ಚಿಟಿಕೆ ಹಾಕಿ ನೋಡಿ ಕಾಕಾ" ಅಂದಿದ್ದೆ. ಅದು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್. ಕಾಕಾ ನಂಬಿಗಸ್ತ ಮನುಷ್ಯ, ನಾಲ್ಕು ತಿಂಗಳಿಂದ ಪ್ರತಿ ಟ್ರೇಗೂ ತಪ್ಪದೆ ಒಂದು ಚಿಟಿಕೆ ಹಾಕುತ್ತಿದ್ದರು. ಕೆನೆ ಕಟ್ಟುವ ಬ್ಯಾಕ್ಟೀರಿಯಾ ಸತ್ತವು. ಅವುಗಳ ಜೊತೆ ಸೊಳ್ಳೆಯ ಒಳಗೆ ತಲೆತಲಾಂತರದಿಂದ ಮನೆ ಮಾಡಿಕೊಂಡಿದ್ದ ಬ್ಯಾಕ್ಟೀರಿಯಾವೂ ಸತ್ತಿತು.

ಒಳಗಿನ ಬಾಡಿಗೆದಾರ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ವೋಲ್ಬಾಕಿಯಾವನ್ನು 1924ರಲ್ಲಿ ಹರ್ಟಿಗ್ ಮತ್ತು ವೋಲ್ಬಾಕ್ ಎಂಬ ಇಬ್ಬರು ಕ್ಯೂಲೆಕ್ಸ್ ಸೊಳ್ಳೆಯಲ್ಲೇ ಮೊದಲು ಕಂಡದ್ದು. ಅದು ಜೀವಕೋಶದ ಒಳಗೆ ಮಾತ್ರ ಬದುಕುತ್ತದೆ, ಮೊಟ್ಟೆಯ ಮೂಲಕ ತಾಯಿಯಿಂದ ಮಕ್ಕಳಿಗೆ ಹೋಗುತ್ತದೆ. ವೀರ್ಯದಲ್ಲಿ ಅದಕ್ಕೆ ಜಾಗವಿಲ್ಲ. ಹಾಗಾಗಿ ಗಂಡು ಸೊಳ್ಳೆಯೊಳಗೆ ಸಿಕ್ಕಿದ ವೋಲ್ಬಾಕಿಯಾದ ವಂಶ ಅಲ್ಲಿಗೇ ಮುಗಿಯಿತು.

ಮುಗಿಯಲಿರುವ ಬ್ಯಾಕ್ಟೀರಿಯಾ ಹೋಗುವ ಮುಂಚೆ ಒಂದು ಕೆಲಸ ಮಾಡುತ್ತದೆ. ಗಂಡಿನ ವೀರ್ಯ ತಯಾರಾಗುವಾಗಲೇ ಅದಕ್ಕೊಂದು ಗಂಟು ಹಾಕಿ ಕಳಿಸುತ್ತದೆ. ಮೊಟ್ಟೆಯಲ್ಲಿ ಅದೇ ಬಗೆಯ ವೋಲ್ಬಾಕಿಯಾ ಇದ್ದರೆ ಗಂಟು ಬಿಚ್ಚುತ್ತದೆ, ಮರಿ ಬೆಳೆಯುತ್ತದೆ. ಇಲ್ಲದಿದ್ದರೆ ಅಪ್ಪನ ಕಡೆಯ ಕ್ರೋಮೋಸೋಮುಗಳು ಮೊದಲ ಜೀವಕೋಶ ವಿಭಜನೆಯ ಹೊತ್ತಿಗೆ ಸರಿಯಾಗಿ ತಯಾರಾಗದೆ ಸಿಕ್ಕುಬಿದ್ದು, ಭ್ರೂಣ ಸಾಯುತ್ತದೆ. ಗಂಟಿನ ಹೋಲಿಕೆ ತಂಗಿಯದು. ಮಗ್ಗದ ಮನೆಯವಳಲ್ವಾ, "ಹಾಸಿನ ಎಳಿಗೆ ಗಂಟು ಹಾಕಿದವ್ರ ಕಡೆಯವ್ರ ಬಿಚ್ಚಬೇಕ್ರಿ, ಉಳಿದವ್ರು ಕೈ ಹಚ್ಚಿದ್ರ ಎಳೀನ ಹರೀತೈತಿ" ಅಂದಳು. ಇದರ ಪುಸ್ತಕದ ಹೆಸರು ಸೈಟೋಪ್ಲಾಸ್ಮಿಕ್ ಇನ್‌ಕಂಪ್ಯಾಟಿಬಿಲಿಟಿ. ಗಂಟಿಗೂ ಬಿಚ್ಚುವಿಕೆಗೂ ಸಂಬಂಧಪಟ್ಟ ಸಿಫ್-ಎ, ಸಿಫ್-ಬಿ ಎಂಬ ಜೀನುಗಳ ಜೋಡಿ ಪತ್ತೆಯಾದದ್ದು 2017ರಲ್ಲಿ. ಅವು ಇರುವುದೋ, ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿಕೊಂಡ ಒಂದು ವೈರಸ್ಸಿನ ತುಂಡಿನಲ್ಲಿ. ಸೊಳ್ಳೆಯೊಳಗೆ ಬ್ಯಾಕ್ಟೀರಿಯಾ, ಅದರೊಳಗೆ ವೈರಸ್ಸು. ಬಾಡಿಗೆ ಮನೆಯಲ್ಲಿ ಇನ್ನೊಬ್ಬ ಬಾಡಿಗೆದಾರ.

ಇದರಿಂದ ಬ್ಯಾಕ್ಟೀರಿಯಾಗೆ ಏನು ಲಾಭ? ಅದು ಇರುವ ಹೆಣ್ಣು ಅದೇ ಬಗೆಯದು ಇರುವ ಗಂಡಿನ ಜೊತೆ ಕೂಡಿದರೂ, ಅದು ಇಲ್ಲದ ಗಂಡಿನ ಜೊತೆ ಕೂಡಿದರೂ ಮಕ್ಕಳಾಗುತ್ತವೆ. ಅದು ಇಲ್ಲದ ಹೆಣ್ಣು ತಪ್ಪು ಗಂಡಿನ ಜೊತೆ ಕೂಡಿದರೆ ಆ ತೆಪ್ಪ ಪೂರ್ತಿ ಹಾಳು. ಸೊಳ್ಳೆಗೆ ಏನೂ ಉಪಕಾರ ಮಾಡದೆಯೂ, ಎದುರಾಳಿ ತಾಯಂದಿರ ಮಕ್ಕಳನ್ನು ಕೊಂದೇ ತನ್ನ ತಾಯಂದಿರ ಸಂಖ್ಯೆ ಹೆಚ್ಚಿಸಿಕೊಳ್ಳುತ್ತದೆ. ಬೇರೆ ಕೀಟಗಳಲ್ಲಿ ಇದರ ಆಟ ಬೇರೆಬೇರೆ. ಕೆಲವು ಚಿಟ್ಟೆಗಳಲ್ಲಿ ಗಂಡು ಮರಿಗಳನ್ನೇ ಕೊಲ್ಲುತ್ತದೆ. ನಮ್ಮ ಕಡೆ ಕಬ್ಬಿನ ಹೊಲಕ್ಕೆ ಟ್ರೈಕೋಗ್ರಾಮಾ ಕಾರ್ಡ್ ಕಟ್ಟುತ್ತಾರಲ್ಲ, ಆ ಕುಲದ ಕೆಲವು ಕಣಜಗಳಲ್ಲಿ ಗಂಡೇ ಇಲ್ಲದೆ ಹೆಣ್ಣು ಹೆಣ್ಣನ್ನೇ ಹೆರುವ ಹಾಗೆ ಮಾಡುತ್ತದೆ. ಟೆಟ್ರಾಸೈಕ್ಲಿನ್ ಕೊಟ್ಟರೆ ಅವುಗಳಲ್ಲಿ ಮತ್ತೆ ಗಂಡು ಹುಟ್ಟುತ್ತವೆ.

ಸೊಳ್ಳೆಯಲ್ಲಿ ಈ ಕಥೆ ಬಿಚ್ಚಿಕೊಂಡದ್ದೂ ಹೆಚ್ಚುಕಡಿಮೆ ನಮ್ಮ ಹಾಗೇ, ನಿಧಾನವಾಗಿ. 1950ರ ದಶಕದಲ್ಲಿ ಜರ್ಮನಿಯ ಹಾನ್ಸ್ ಲಾವೆನ್ ಬೇರೆಬೇರೆ ಊರಿನ ಕ್ಯೂಲೆಕ್ಸ್ ಕೂಡಿಸಿ, ಕೆಲವು ಜೋಡಿಗಳಿಗೆ ಮರಿಯಾಗುವುದಿಲ್ಲ, ಇದು ತಾಯಿಯ ಕಡೆಯಿಂದ ಹೋಗುತ್ತದೆ ಅಂತ ತೋರಿಸಿದ್ದ. ಕಾರಣ ಬ್ಯಾಕ್ಟೀರಿಯಾ ಅಂತ ಅವನಿಗೆ ಗೊತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಯೆನ್ ಮತ್ತು ಬಾರ್ ಟೆಟ್ರಾಸೈಕ್ಲಿನ್ ಕೊಟ್ಟು ವೋಲ್ಬಾಕಿಯಾ ತೆಗೆದು, ಹೊಂದಾಣಿಕೆಯ ಗುಟ್ಟು ಅದರಲ್ಲೇ ಇದೆ ಅಂತ ತೋರಿಸಿದರು. ಅವರು ಬೇಕಂತಲೇ ಮಾಡಿದ್ದನ್ನು ನಾವು ಗೊತ್ತಿಲ್ಲದೆ ಕಾಕಾನ ಚಿಟಿಕೆಯಲ್ಲಿ ಮಾಡಿದ್ದೆವು.

ಊಹೆ ಸರಿ ಅಂತ ಗೊತ್ತಾಗುವುದು ಹೇಗೆ

ನನಗೆ ಅಷ್ಟಕ್ಕೇ ಸಾಕಾಗಿತ್ತು. ತಂಗಿ ಒಪ್ಪಲಿಲ್ಲ. "ಪುಡಿನ ತತ್ತಿ ಕೊಂದಿರಬಾರದ್ಯಾಕ್ರಿ?" ಅಂದಳು. ಟೆಟ್ರಾಸೈಕ್ಲಿನ್ ಸೊಳ್ಳೆಯ ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗೂ ತೊಂದರೆ ಕೊಡಬಲ್ಲದು, ಅವಳ ಮಾತಿನಲ್ಲಿ ಹುರುಳಿತ್ತು. ಅದಕ್ಕೆ ಪುಡಿ ಪೂರ್ತಿ ನಿಲ್ಲಿಸಿ, ಒಂದು ತಲೆಮಾರು ಬರಿ ನೀರಿನಲ್ಲಿ ಬೆಳೆಸಿ, ಆಮೇಲೆ ಕೂಡಿಸುವುದು ಅಂತ ತೀರ್ಮಾನವಾಯಿತು. ಪರೀಕ್ಷೆ ಹತ್ತಿರವಿತ್ತು, ಇದರಿಂದ ಮೂರು ವಾರ ಹೋಯಿತು. ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ತೀರ್ಮಾನ ಇದು, ಮತ್ತು ಅದು ನನ್ನದಲ್ಲ.

ಮೇ ತಿಂಗಳಲ್ಲಿ ನಾಲ್ಕು ಪುಟ್ಟ ಪೆಟ್ಟಿಗೆ ಹೂಡಿದಳು. ಗಟಾರದ ಹೆಣ್ಣಿಗೆ ಗಟಾರದ ಗಂಡು, ಮರಿ ಬಂದವು. ಪುಡಿ ಬಳಗದ ಹೆಣ್ಣಿಗೆ ಅದೇ ಬಳಗದ ಗಂಡು, ಅಲ್ಲೂ ಬಂದವು. ಇಲ್ಲೇ ಪುಡಿಯ ವಿಷದ ಊಹೆ ಬಿದ್ದುಹೋಯಿತು. ಗಟಾರದ ಹೆಣ್ಣಿಗೆ ಪುಡಿ ಬಳಗದ ಗಂಡು, ಬಂದವು. ಪುಡಿ ಬಳಗದ ಹೆಣ್ಣಿಗೆ ಗಟಾರದ ಗಂಡು ಹಾಕಿದ ಪೆಟ್ಟಿಗೆಯಲ್ಲಿ 22 ತೆಪ್ಪ, ಒಡೆದದ್ದು 2.

ಆ ಎರಡು ತೆಪ್ಪ ನನಗೆ ಕಿರಿಕಿರಿ ಮಾಡಿದವು. ಯಾವುದೋ ಹೆಣ್ಣು ತಪ್ಪಿ ಸೇರಿರಬೇಕು, ಬಿಟ್ಟುಬಿಡು ಅಂದೆ. ಬಿಡಲಿಲ್ಲ. ಆ ತೆಪ್ಪಗಳನ್ನು ಬೇರೆ ಇಟ್ಟು, ಅವುಗಳ ಮಕ್ಕಳನ್ನು ಬೆಳೆಸಿ, ಸ್ಪಿರಿಟ್ಟಿನಲ್ಲಿ ಹಾಕಿ, ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಪತ್ತೆ ಹಚ್ಚುವ ಯಂತ್ರ) ಇರುವ ಪರಿಚಯದವರ ಲ್ಯಾಬಿಗೆ ಉಳಿದವುಗಳ ಜೊತೆ ಕಳಿಸಿದಳು. ಅಲ್ಲಿ ವೋಲ್ಬಾಕಿಯಾದ ಮೈಮೇಲಿನ ಒಂದು ಪ್ರೋಟೀನಿನ ಜೀನು ಹುಡುಕುತ್ತಾರೆ, ಇದ್ದರೆ ಸುಮಾರು 600 ಡಿಎನ್‌ಎ ಅಕ್ಷರ ಉದ್ದದ ಪಟ್ಟಿ ಕಾಣುತ್ತದೆ. ಪಟ್ಟಿ ಕಾಣಲಿಲ್ಲ ಅಂದರೆ ಬ್ಯಾಕ್ಟೀರಿಯಾ ಇಲ್ಲ ಅಂತ ಕೂಡಲೇ ಹೇಳುವಂತಿಲ್ಲ, ಡಿಎನ್‌ಎನೇ ಕೆಟ್ಟಿರಬಹುದು. ಅದಕ್ಕೆ ಸೊಳ್ಳೆಯದೇ ಒಂದು ಜೀನನ್ನೂ ಜೊತೆಗೆ ನೋಡಬೇಕು. ಗಟಾರದವುಗಳಲ್ಲಿ ಪಟ್ಟಿ ಇತ್ತು. ಪುಡಿ ಬಳಗದಲ್ಲಿ ಸೊಳ್ಳೆಯ ಜೀನು ಚೆನ್ನಾಗಿ ಬಂತು, ವೋಲ್ಬಾಕಿಯಾದ್ದು ಬರಲಿಲ್ಲ. ಆ ಎರಡು ತೆಪ್ಪಗಳ ಮಕ್ಕಳಲ್ಲಿ ಬಂತು. ವೀರ್ಯದಲ್ಲಿ ಅದು ಹೋಗುವುದಿಲ್ಲವಾದ್ದರಿಂದ ತಾಯಿಯಿಂದಲೇ ಬಂದಿರಬೇಕು. ಅಂದರೆ ಆ ಎರಡು ಹೆಣ್ಣುಗಳಲ್ಲಿ ಪುಡಿಗೆ ಸಿಗದೆ ಬ್ಯಾಕ್ಟೀರಿಯಾ ಉಳಿದುಕೊಂಡಿತ್ತು. ನಾನು ಕಸಕ್ಕೆ ಹಾಕು ಅಂದಿದ್ದ ತೆಪ್ಪಗಳೇ ಗಟ್ಟಿ ಸಾಕ್ಷಿಯಾದವು.

ಬೇವಿನ ಕಥೆ ಏನಾಯಿತು

ಇದು ನೋವಿನ ಭಾಗ, ಬೇಗ ಹೇಳಿ ಮುಗಿಸುತ್ತೇನೆ. ಡಿಸೆಂಬರಿನಿಂದ ಮಾಡಿದ ಬೇವಿನ ಪ್ರಯೋಗವೆಲ್ಲ ಆಂಟಿಬಯೋಟಿಕ್ ಕುಡಿದು ಬೆಳೆದ ಮರಿಗಳ ಮೇಲೆ. ಆ ಅಂಕಿಗಳನ್ನು ಹಾಗೇ ಬರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಂಜೆ ಅದರ ಬಗ್ಗೆ ಮಾತಾಡಿದ್ದೂ ನಿಜ. ಕೊನೆಗೆ ಹಳೇ ಅಂಕಿ ಬಿಟ್ಟು, ಗಟಾರದ ಮರಿಗಳ ಮೇಲೆ ಚಿಕ್ಕದಾಗಿ ಹೊಸದಾಗಿ ಮಾಡಿದಳು. ಯಾಕೆ ಬಿಟ್ಟಳು ಅನ್ನುವುದನ್ನು ಒಂದು ಅಧ್ಯಾಯವಾಗಿ ಬರೆದಳು. ಜುಲೈನಲ್ಲಿ ಪ್ರಬಂಧ ಕೊಟ್ಟಾಗ ಬೇವಿಗಿಂತ ಈ ಅಧ್ಯಾಯವೇ ದಪ್ಪಗಿತ್ತು. ಉಳಿದ ಪುಡಿ ನೀರನ್ನು ಗಟಾರಕ್ಕೆ ಚೆಲ್ಲಲು ಮಾತ್ರ ಬಿಡಲಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಔಷಧಿಗೆ ಜಗ್ಗದಿರುವುದನ್ನು ಕಲಿಸಿದ ಹಾಗಾಗುತ್ತದೆ.

ಮೌಖಿಕ ಪರೀಕ್ಷೆಗೆ ಬಂದವರು ಎಲ್ಲರೂ ಕೇಳುವ ಪ್ರಶ್ನೆ ಕೇಳಿದರು. ಹಾಗಾದರೆ ಇಂಥ ಗಂಡು ಬಿಟ್ಟು ಹುಬ್ಬಳ್ಳಿಯ ಸೊಳ್ಳೆಯನ್ನೆಲ್ಲ ಮುಗಿಸಬಹುದಲ್ಲ? ತಂಗಿ ತಯಾರಾಗಿ ಹೋಗಿದ್ದಳು. ಹುಬ್ಬಳ್ಳಿಯ ಕ್ಯೂಲೆಕ್ಸ್ ಹೆಣ್ಣುಗಳಲ್ಲಿ ವೋಲ್ಬಾಕಿಯಾ ಈಗಾಗಲೇ ಇದೆ, ಇಲ್ಲಿನ ಗಂಡು ಬಿಟ್ಟರೆ ಅವು ಆರಾಮಾಗಿ ಗಂಟು ಬಿಚ್ಚಿಕೊಳ್ಳುತ್ತವೆ. ಅವುಗಳಿಗೆ ಬಿಚ್ಚಲಾಗದ ಬೇರೆ ಬಗೆಯ ವೋಲ್ಬಾಕಿಯಾ ಇರುವ ಗಂಡು ಬೇಕು. ಲಾವೆನ್ 1967ರಲ್ಲಿ ಬರ್ಮಾದ ರಂಗೂನಿನ ಹತ್ತಿರ ಓಕ್ಪೋ ಎಂಬ ಹಳ್ಳಿಯಲ್ಲಿ ಅದನ್ನೇ ಮಾಡಿದ. ತಾಯಿಯ ಕಡೆಯ ಗುಣ ಪ್ಯಾರಿಸ್ ಸೊಳ್ಳೆಯದು, ಜೀನುಗಳು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಸೊಳ್ಳೆಯವು, ಹೀಗೆ ಬೆಸೆದ ಗಂಡುಗಳನ್ನು ಸುಮಾರು ಮೂರು ತಿಂಗಳು ಬಿಟ್ಟ. ಕೊನೆಗೆ ಆ ಹಳ್ಳಿಯ ತೆಪ್ಪಗಳು ಒಡೆಯುವುದೇ ನಿಂತಿತು. ಆದರೆ ಅದು ಒಂದು ಚಿಕ್ಕ, ಒಂಟಿ ಹಳ್ಳಿ. ದೊಡ್ಡ ಊರಿನಲ್ಲಿ ಪಕ್ಕದ ಬಡಾವಣೆಯಿಂದ ಮೊದಲೇ ಕೂಡಿದ ಹೆಣ್ಣು ಹಾರಿ ಬಂದರೆ ಲೆಕ್ಕ ಮತ್ತೆ ಮೊದಲಿಗೆ. ದೆಹಲಿಯಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸೇರಿ ಸೊಳ್ಳೆಗಳ ತಳಿ ನಿಯಂತ್ರಣದ ಒಂದು ಘಟಕ ನಡೆಸಿದ್ದವು. ಇದು ಜೈವಿಕ ಯುದ್ಧದ ತಯಾರಿ ಅನ್ನುವ ಆರೋಪ ಪತ್ರಿಕೆಯಲ್ಲಿ, ಸಂಸತ್ತಿನಲ್ಲಿ ಎದ್ದು 1975ರಲ್ಲಿ ಮುಚ್ಚಿತು. ಜನರಿಗೆ ಮೊದಲೇ ಸರಿಯಾಗಿ ಹೇಳದೆ ಸೊಳ್ಳೆ ಬಿಡಲು ಹೊರಟರೆ ವಿಜ್ಞಾನ ಎಷ್ಟೇ ಗಟ್ಟಿಯಿದ್ದರೂ ನಡೆಯುವುದಿಲ್ಲ ಅಂತ ನನ್ನ ಅಭಿಪ್ರಾಯ.

ಈಡಿಸ್ ಈಜಿಪ್ಟೈನಲ್ಲಿ ಮಾತ್ರ ದಾರಿ ಬೇರೆ. ಅದರಲ್ಲಿ ಸಹಜವಾಗಿ ವೋಲ್ಬಾಕಿಯಾ ಇಲ್ಲ, ಹಣ್ಣುನೊಣದಿಂದ ತೆಗೆದು ಹಾಕಬೇಕಾಯಿತು. ಹಾಕಿದರೆ ಡೆಂಗಿ ವೈರಸ್ಸು ಆ ಸೊಳ್ಳೆಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಇಂಡೊನೇಷ್ಯಾದ ಯೋಗ್ಯಕರ್ತದಲ್ಲಿ ಅಂಥ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ 77 ಶೇಕಡಾ ಕಡಿಮೆಯಾಯಿತು ಅಂತ 2021ರಲ್ಲಿ ಪ್ರಕಟವಾಯಿತು. ಸಿಂಗಪುರದಲ್ಲಿ ಗಂಡು ಮಾತ್ರ ಬಿಡುತ್ತಾರೆ, ಅಲ್ಲಿನ ಗುರಿ ಮೊಟ್ಟೆ ಒಡೆಯದಂತೆ ಮಾಡುವುದು. ನಮ್ಮ ದೇಶದಲ್ಲಿ ಪುದುಚೇರಿಯ ಐಸಿಎಂಆರ್ ಕೇಂದ್ರ ವೋಲ್ಬಾಕಿಯಾ ಇರುವ ಈಡಿಸ್ ತಳಿ ಬೆಳೆಸಿದೆ. ಹಣ್ಣುನೊಣದ ಆ ಬಗೆ ಬಿಸಿಗೆ ಸೋಲುತ್ತದೆ ಅನ್ನುವುದೊಂದು ತಕರಾರು. ಬಿಸಿಲಿನಲ್ಲಿ ಕಾದ ನೀರಿನಲ್ಲಿ ಬೆಳೆದ ಮರಿಗಳಲ್ಲಿ ಅದರ ಸಂಖ್ಯೆ ಇಳಿಯುತ್ತದೆ. ನಮ್ಮ ಏಪ್ರಿಲಿನಲ್ಲಿ ಮಾಳಿಗೆ ಮೇಲಿನ ಡ್ರಮ್ಮು ಮುಟ್ಟಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಉಳಿದ ಒಂದು ಪೆಟ್ಟಿಗೆ

ಪ್ರಬಂಧ ಕೊಟ್ಟ ಮೇಲೆ ಪುಡಿ ಬಳಗವನ್ನೆಲ್ಲ ಕುದಿಯುವ ನೀರು ಹಾಕಿ ಮುಗಿಸಬೇಕು ಅಂತಿತ್ತು. ತಂಗಿ ಒಂದು ಪೆಟ್ಟಿಗೆ ಉಳಿಸಿ ಅಂತ ಕೇಳಿಕೊಂಡಳು. ಎರಡು ಬದಿ ಬಲೆ ಹಾಕಿ, ಕೀಲಿ ಜಡಿದು, ಅದರಲ್ಲಿ ಪುಡಿ ಬಳಗ ಅರ್ಧ, ಗಟಾರದ ಬಳಗ ಅರ್ಧ ಬಿಟ್ಟಳು. ಲೆಕ್ಕ ಹೀಗೆ. ಅರ್ಧ ಹೆಣ್ಣುಗಳಲ್ಲಿ ವೋಲ್ಬಾಕಿಯಾ ಇಲ್ಲ, ಅವುಗಳಲ್ಲಿ ಅರ್ಧಕ್ಕೆ ಗಂಟು ಹಾಕಿದ ಗಂಡು ಸಿಗುತ್ತದೆ. ಹಾಗಾಗಿ ಮೊದಲ ಸುತ್ತಿನಲ್ಲಿ ನಾಲ್ಕರಲ್ಲಿ ಒಂದು ತೆಪ್ಪ ಕೆಡಬೇಕು. ಉಳಿದ ಮೂರರಲ್ಲಿ ಎರಡು ವೋಲ್ಬಾಕಿಯಾ ತಾಯಂದಿರವು, ಅಂದರೆ ಮುಂದಿನ ತಲೆಮಾರಿನಲ್ಲಿ ಅರ್ಧ ಇದ್ದದ್ದು ಮೂರರಲ್ಲಿ ಎರಡಾಗುತ್ತದೆ. ಅದರ ಮುಂದೆ ಏಳರಲ್ಲಿ ಆರು. ಕೆಡುವ ತೆಪ್ಪ ಕಡಿಮೆಯಾಗುತ್ತ ಹೋಗಿ, ನಾಲ್ಕೈದು ತಲೆಮಾರಿಗೆ ಬ್ಯಾಕ್ಟೀರಿಯಾ ಇಡೀ ಪೆಟ್ಟಿಗೆಯನ್ನು ಗೆದ್ದಿರುತ್ತದೆ.

ಆಗಸ್ಟಿನಲ್ಲಿ ಅವಳಿಗೆ ಹಾವೇರಿ ಕಡೆ ಕೆಲಸ ಸಿಕ್ಕಿ ಹೋದಳು. ನಾನು ಪರೀಕ್ಷೆ ಕೆಲಸದಲ್ಲಿ ಪೆಟ್ಟಿಗೆಯನ್ನು ಮರೆತೆ. ಹೋಗುವ ಮುಂಚೆ ಅವಳು ಹೊಸ ರಿಜಿಸ್ಟರಿಗೆ ಗೆರೆ ಹೊಡೆದು, ಕೊನೆಯಲ್ಲಿ 'ಬೇರೆ ಏನು ಹಾಕಿದ್ದು' ಅಂತ ಒಂದು ಅಂಕಣ ಸೇರಿಸಿ ಕಾಕಾನ ಕೈಗೆ ಕೊಟ್ಟಿದ್ದಳಂತೆ. ಅವರು ವಾರಕ್ಕೊಮ್ಮೆ ಬರೆದಿದ್ದಾರೆ. ಮೊದಲ ಪುಟದಲ್ಲಿ 'ಒಡದಿಲ್ಲ' ಅನ್ನುವ ಪದ ಮತ್ತೆಮತ್ತೆ ಬರುತ್ತದೆ, ಎರಡನೇ ಪುಟದಲ್ಲಿ ಅಲ್ಲೊಂದು ಇಲ್ಲೊಂದು. ದೀಪಾವಳಿ ರಜೆಯ ಮುಂಚಿನ ಕೊನೆಯ ಸಾಲು ಹೀಗಿದೆ: 'ತತ್ತಿ ತೆಪ್ಪ 9. ಎಲ್ಲಾ ಒಡದಾವ. ಪುಡಿ ಹಾಕಿಲ್ಲ.'